ಗಾಡಿ ಎಡಕ್ಕ ಎಳೀಲತ್ತದ

ಕಾರ್ಲ್ ಬೆಂಜ್ 1886ರ ಜನವರಿ 29ರಂದು ಪೇಟೆಂಟಿಗೆ ಅರ್ಜಿ ಹಾಕಿದ ಮೋಟಾರು ಗಾಡಿಗೆ ಇದ್ದದ್ದು ಮೂರೇ ಗಾಲಿ. ಮುಂದೆ ಒಂದು, ಹಿಂದೆ ಎರಡು. ಅದರ ಫೋಟೊ ನೋಡಿದ ನಮ್ಮೋರಿಗೆಲ್ಲ ಮೊದಲು ಆಟೊರಿಕ್ಷಾ ನೆನಪಾಗತ್ತೆ. ಎಂಜಿನ್ನು ಕೂರಿಸೋದು, ಪೆಟ್ರೋಲು ಉರಿಸೋದು, ಚೈನು ಜೋಡಿಸೋದು ಎಲ್ಲ ಬಗೆಹರಿಸಿಕೊಂಡಿದ್ದ ಮನುಷ್ಯನಿಗೆ ಒಂದು ಮಾತ್ರ ಬಗೆಹರಿದಿರಲಿಲ್ಲ: ಮುಂದಿನ ಎರಡು ಗಾಲಿಗಳನ್ನ ಒಂದಕ್ಕೊಂದು ಜಗಳ ಆಡದ ಹಾಗೆ ಒಟ್ಟಿಗೆ ತಿರುಗಿಸೋದು ಹೇಗೆ? ಆಗ ಬಳಕೆಯಲ್ಲಿದ್ದ ಯಾವ ವಿಧಾನವೂ ಅವನ ಮನಸ್ಸಿಗೆ ಬರಲಿಲ್ಲ. ಹಾಗಾಗಿ ಒಂದು ಗಾಲಿಯನ್ನೇ ತೆಗೆದುಹಾಕಿಬಿಟ್ಟ. ನಮ್ಮ ಕಡೆ ಫೀಚರ್ ಕೆಲಸ ಮಾಡದಿದ್ರೆ ಮೊದಲ ರಿಲೀಸಿನಿಂದ ಅದನ್ನ ಕೈಬಿಡ್ತೀವಲ್ಲ, ಅದೇ ಕತೆ. ಆ ಫೀಚರ್ ಅವನಿಗೆ ಸಿಕ್ಕಿದ್ದು 1893ರಲ್ಲಿ.

ಅಂದ್ರೆ ಗಾಡಿ ಒಂದು ಕಡೆಗೆ ಎಳೆಯೋ ತಕರಾರು ಕಾರಿಗಿಂತ ಹಳೇದು. ಸರ್ವಿಸ್ ಸೆಂಟರಿನಲ್ಲಿ ನಾವು "ಲೆಫ್ಟ್ ಪುಲ್ ಇದೆ" ಅಂತ ಬರೆಸಿದ ಕೂಡಲೇ ಅವರು ಕಣ್ಣು ಮುಚ್ಚಿ "ವೀಲ್ ಅಲೈನ್‌ಮೆಂಟ್" ಅಂತ ಬರ್ಕೋತಾರೆ. ಆ ತಕರಾರಿನ ಹಿಂದೆ ಇನ್ನೂರು ಮುನ್ನೂರು ವರ್ಷದ ಜಗಳಗಳು ಪದರ ಪದರವಾಗಿ ಕೂತಿವೆ. ಯಾವ ಪದರದಲ್ಲಿ ತೊಂದರೆ ಇದೆ ಅಂತ ಗೊತ್ತಾಗಬೇಕಾದ್ರೆ ಆ ಪದರಗಳು ಬಂದ ಕತೆ ಗೊತ್ತಿರಬೇಕು. ನಾನು ಮೆಕ್ಯಾನಿಕಲ್ ಓದಿದವನಲ್ಲ, ಕಂಪ್ಯೂಟರ್ ಸೈನ್ಸ್. ಆದ್ರೆ ಹುಟ್ಟಿದ್ದು ಜೇವರ್ಗಿ ತಾಲ್ಲೂಕಿನ ಹಳ್ಳಿ, ಅತ್ತೆಯ ಮನೆ ಆಳಂದ, ಹೆಂಡತಿಯ ತವರು ಅಫಜಲಪುರದ ಕಡೆ. ಹಬ್ಬಕ್ಕೆ ಬೆಂಗಳೂರಿಂದ ಹೋದಾಗೆಲ್ಲ ಈ ಮೂರು ದಿಕ್ಕಿನ ಸಡಕಿನ ಮೇಲೇ ನನ್ನ ರಜೆ ಮುಗಿಯತ್ತೆ.

ಮೊದಲನೇ ಪದರ ಬಂಡಿ. ನಮ್ಮ ಎತ್ತಿನ ಬಂಡಿಗೆ ಎರಡೇ ಗಾಲಿ, ಒಂದೇ ಅಚ್ಚು. ಸ್ಟೀರಿಂಗ್ ಅನ್ನೋದೇ ಇಲ್ಲ, ಎತ್ತುಗಳೇ ಸ್ಟೀರಿಂಗ್. ಆದ್ರೂ ಬಂಡಿ ಒಂದು ಕಡೆ ಎಳೀತಿತ್ತು. ನಮ್ಮ ಮುತ್ಯಾ ಇದನ್ನ ನೋಡೋ ರೀತಿ ಬೇರೆ. ಬಂಡಿ ಎಡಕ್ಕೆ ಹೋಗ್ತಿದ್ರೆ ಮೊದಲು ಎಡಗಡೆ ಎತ್ತಿನ ಕಾಲು ನೋಡ್ತಿದ್ದ, ಆಮೇಲೆ ಹೆಗಲು, ಆಮೇಲೆ ಗಾಲಿ ಕೈಯಲ್ಲಿ ಅಲುಗಾಡಿಸಿ ಕೀಲು. ಎಲ್ಲ ಸರಿ ಇದ್ದು ಒಂದು ಎತ್ತು ಜೋರು, ಇನ್ನೊಂದು ಎಳೇದು ಅಂತಾದ್ರೆ ನೊಗ ಬಿಚ್ಚಿ ಕಟ್ಟನ್ನ ಜೋರಿನ ಎತ್ತಿನ ಕಡೆಗೆ ಎರಡು ಬೆರಳು ಸರಿಸಿ ಮತ್ತೆ ಬಿಗೀತಿದ್ದ. ಎಳೇ ಎತ್ತಿಗೆ ಉದ್ದದ ತೋಳು, ಜೋರಿನದಕ್ಕೆ ಗಿಡ್ಡ ತೋಳು. ಪಿಯುಸಿಯಲ್ಲಿ ನಾವು 'ಮೊಮೆಂಟ್' ಅಂತ ಬಾಯಿಪಾಠ ಮಾಡಿದ್ದು ಇದನ್ನೇ. ಅವನ ಪರೀಕ್ಷೆಯ ಕ್ರಮ ಗಮನಿಸಿ: ಜೀವ ಇರೋದು ಮೊದಲು, ಮರ ಕಬ್ಬಿಣ ಆಮೇಲೆ, ನೊಗಕ್ಕೆ ಕೈ ಹಾಕೋದು ಕೊನೆಗೆ.

ಎರಡು ಗಾಲಿ ನಾಲ್ಕಾದಾಗ ನಿಜವಾದ ಪೇಚು ಶುರುವಾಯ್ತು. ಯುರೋಪಿನ ನಾಲ್ಕು ಗಾಲಿಯ ಸಾರೋಟುಗಳಲ್ಲಿ ಮುಂದಿನ ಅಚ್ಚು ಇಡಿಯಾಗಿ ನಡುವಿನ ಒಂದು ಮೊಳೆಯ ಮೇಲೆ ತಿರುಗ್ತಿತ್ತು. ಒಂದು ಗಾಲಿ ಕಲ್ಲಿಗೆ ಬಡಿದ್ರೆ ಅರ್ಧ ಅಚ್ಚಿನ ಉದ್ದದ ಸನ್ನೆ ಸಿಕ್ಕಿ ಇಡೀ ಅಚ್ಚೇ ಆ ಕಡೆಗೆ ತಿರುಚಿಕೊಳ್ತಿತ್ತು. ಜೋರಾಗಿ ತಿರುವಿದ್ರೆ ಗಾಡಿ ಮಗುಚೋದು. ಇಂಗ್ಲೆಂಡಿನ ಡಾಕ್ಟರು ಎರಾಸ್ಮಸ್ ಡಾರ್ವಿನ್, ವಿಕಾಸವಾದದ ಡಾರ್ವಿನ್‌ನ ಅಜ್ಜ, ರೋಗಿಗಳನ್ನ ನೋಡಲಿಕ್ಕೆ ಕೆಟ್ಟ ರಸ್ತೆಗಳಲ್ಲಿ ಇಡೀ ದಿನ ತಿರುಗ್ತಿದ್ದ. 1750ರ ದಶಕದ ಕೊನೆಯಲ್ಲಿ ಅವನು ಅಚ್ಚನ್ನ ಹಾಗೇ ಬಿಟ್ಟು ಎರಡೂ ತುದಿಯ ಗಾಲಿಗಳನ್ನ ಮಾತ್ರ ಬೇರೆ ಬೇರೆ ತಿರುಗಿಸೋ ಉಪಾಯ ಮಾಡಿದ. ಪೇಟೆಂಟು ಗೀಟೆಂಟು ಅಂತ ಹೋಗಲಿಲ್ಲ. 1768ರಲ್ಲಿ ಗಾಡಿಯಿಂದ ಬಿದ್ದು ಮಂಡಿಚಿಪ್ಪು ಒಡಕೊಂಡ, ಅದು ಬೇರೆ ಮಾತು.

ಅದೇ ಉಪಾಯ 1816–17ರ ಹೊತ್ತಿಗೆ ಮ್ಯೂನಿಕ್‌ನ ಸಾರೋಟು ಕಟ್ಟುವ ಗೇಯಾರ್ಗ್ ಲಾಂಕೆನ್ಸ್‌ಪರ್ಗರ್‌ಗೆ ಮತ್ತೆ ಹೊಳೀತು. ತಿರುವಿನಲ್ಲಿ ಒಳಗಿನ ಗಾಲಿ ಸಣ್ಣ ವೃತ್ತದಲ್ಲಿ, ಹೊರಗಿನದು ದೊಡ್ಡ ವೃತ್ತದಲ್ಲಿ ಓಡತ್ತೆ. ಹಾಗಾಗಿ ಒಳಗಿನದು ಸ್ವಲ್ಪ ಜಾಸ್ತಿ ತಿರುಗಬೇಕು. ಲಂಡನ್ನಿನಲ್ಲಿ ಅವನ ಪರವಾಗಿ 1818ರಲ್ಲಿ ಪೇಟೆಂಟು ಮಾಡಿಸಿದವನು ಚಿತ್ರಗಳನ್ನ ಅಚ್ಚು ಹಾಕಿ ಮಾರುವ ಅಂಗಡಿಯ ರುಡಾಲ್ಫ್ ಆಕರ್‌ಮನ್. ಇವತ್ತು ಜಗತ್ತೆಲ್ಲ ಅದನ್ನ 'ಆಕರ್‌ಮನ್ ಸ್ಟೀರಿಂಗ್' ಅನ್ನತ್ತೆ. ಕೋಡ್ ಬರೆದವನೊಬ್ಬ, ಡೆಮೊ ಕೊಟ್ಟವನ ಹೆಸರು ಉಳೀತು. ಐಟಿಯವರಿಗೆ ಇದರಲ್ಲಿ ಹೊಸದೇನಿಲ್ಲ.

ಗಾಲಿಗಳು ಬೇರೆ ಬೇರೆ ತಿರುಗೋ ಹಾಗಾದ ಮೇಲೆ ಇನ್ನೊಂದು ಪ್ರಶ್ನೆ: ಕೈ ಬಿಟ್ರೆ ಅವು ತಾವಾಗಿ ನೇರಕ್ಕೆ ಬರ್ತಾವಾ? 1896ರಲ್ಲಿ ಪ್ಯಾರಿಸ್ಸಿನ ಆರ್ಥರ್ ಕ್ರೆಬ್ಸ್ ಇದಕ್ಕೊಂದು ಪೇಟೆಂಟು ತಗೊಂಡ. ನಿಮ್ಮ ಆಫೀಸಿನ ಕುರ್ಚಿಯ ಚಕ್ರ ನೋಡಿ. ಅದರ ಗೂಟ ಮುಂದಿದೆ, ಚಕ್ರ ನೆಲ ಮುಟ್ಟೋ ಜಾಗ ಹಿಂದಿದೆ. ಕುರ್ಚಿಯನ್ನ ಯಾವ ಕಡೆ ತಳ್ಳಿದ್ರೂ ಚಕ್ರ ಹಿಂದೆ ಬಾಲದ ಹಾಗೆ ಬಂದು ನೇರ ಆಗತ್ತೆ. ಕಾರಿನ ಮುಂದಿನ ಗಾಲಿ ತಿರುಗುವ ಅಕ್ಷವನ್ನ ಸ್ವಲ್ಪ ಹಿಂದಕ್ಕೆ ವಾಲಿಸಿದ್ರೆ ಇದೇ ಗುಣ ಬರತ್ತೆ. ಇದೇ ಕ್ಯಾಸ್ಟರ್. ಎಡ ಬಲ ಎರಡರ ವಾಲಿಕೆ ಒಂದೇ ಆಗಿರಬೇಕು. ಗುಂಡಿಗೆ ಬಿದ್ದು ಒಂದು ಕಡೆಯ ತೋಳು ಸೊಟ್ಟ ಆಯ್ತಂದ್ರೆ, ಯಾವ ಕಡೆ ಕ್ಯಾಸ್ಟರ್ ಕಡಿಮೆಯೋ ಕಾರು ಆ ಕಡೆಗೆ ಎಳೆಯತ್ತೆ. ಅರ್ಧ ಡಿಗ್ರಿ ವ್ಯತ್ಯಾಸವೂ ಕೈಗೆ ಗೊತ್ತಾಗತ್ತೆ.

ಇನ್ನು ಸಡಕಿನ ಕತೆ. ಲಾಂಕೆನ್ಸ್‌ಪರ್ಗರ್ ಮ್ಯೂನಿಕ್‌ನಲ್ಲಿ ಗಾಲಿ ತಿರುಗಿಸ್ತಿದ್ದ ಹೊತ್ತಿನಲ್ಲೇ ಬ್ರಿಸ್ಟಲ್‌ನಲ್ಲಿ ಜಾನ್ ಮೆಕಾಡಮ್ ಜಲ್ಲಿಕಲ್ಲು ಒಡೆಸ್ತಿದ್ದ. ಅವನ ಲೆಕ್ಕ ಇಷ್ಟೇ: ನೀರು ನಿಲ್ಲದಿದ್ರೆ ರಸ್ತೆ ಉಳೀತದೆ. ಅದಕ್ಕೆ ನಡುವೆ ಎತ್ತರ, ಎರಡೂ ಬದಿ ಇಳಿಜಾರು, ಆಮೆಯ ಬೆನ್ನಿನ ಹಾಗೆ. 30 ಅಡಿ ಅಗಲದ ರಸ್ತೆಗೆ ನಡುವಿನಲ್ಲಿ 3 ಇಂಚು ಏರು ಸಾಕು ಅಂದ. ಅಂದ್ರೆ 60ಕ್ಕೆ 1. ಈಗ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಒಳ್ಳೆ ಡಾಂಬರು ರಸ್ತೆಗೆ ಹೇಳೋ ಇಳಿಜಾರು 1.7ರಿಂದ 2 ಪರ್ಸೆಂಟ್. 60ಕ್ಕೆ 1 ಅಂದ್ರೆ ಅದೇ 1.7! ಇನ್ನೂರು ವರ್ಷದ ಹಿಂದಿನ ಸಂಖ್ಯೆ ಹೆಚ್ಚು ಕಡಿಮೆ ಹಾಗೇ ನಿಮ್ಮ ಟೈರಿನ ಕೆಳಗಿದೆ. ಇದರ ಪರಿಣಾಮ ಲೆಕ್ಕ ಹಾಕಿ: 1,000 ಕೆಜಿ ಕಾರನ್ನ ಈ ಇಳಿಜಾರು 17 ಕೆಜಿ ತೂಕದಷ್ಟು ಬಲದಿಂದ ಪಕ್ಕಕ್ಕೆ ಜಗ್ಗುತ್ತೆ. ನಾವು ಎಡಗಡೆ ಓಡಿಸೋರು, ಹಾಗಾಗಿ ಎಡಕ್ಕೆ, ಮಣ್ಣಿನ ಕಡೆಗೆ. ಅಮೆರಿಕದಲ್ಲಿರೋ ನಿಮ್ಮ ಗೆಳೆಯನ ಕಾರು ಬಲಕ್ಕೆ.

ನಮ್ಮ ಕಡೆ ಈ ಲೆಕ್ಕಕ್ಕೆ ಎರಿ ಭೂಮಿ ಇನ್ನೊಂದಿಷ್ಟು ಸೇರಿಸತ್ತೆ. ಕಲಬುರ್ಗಿ ಜಿಲ್ಲೆಯ ತೊಗರಿಗೆ 2019ರಲ್ಲಿ ಜಿಐ ಪಟ್ಟ ಸಿಕ್ಕಾಗ ಎಲ್ರೂ ಈ ಕರಿ ಮಣ್ಣನ್ನ ಹೊಗಳಿದ್ರು. ರಸ್ತೆ ಕಟ್ಟೋರು ಮಾತ್ರ ಹೊಗಳಲ್ಲ. ಮಳೆ ಬಂದ್ರೆ ಉಬ್ಬತ್ತೆ, ಬ್ಯಾಸಗಿಗೆ ಕೈ ಹೋಗೋವಷ್ಟು ಬಿರುಕು ಬಿಡತ್ತೆ. ಡಾಂಬರಿನ ನಡುವಿನ ಕೆಳಗೆ ತೇವ ಹೆಚ್ಚು ಕಡಿಮೆ ಒಂದೇ ಸಮ ಇರತ್ತೆ, ಆದ್ರೆ ಅಂಚಿನ ಕೆಳಗಿನ ಮಣ್ಣು ವರ್ಷಕ್ಕೊಂದು ಸಲ ಉಬ್ಬಿ ಕುಗ್ಗಿ ಮಾಡತ್ತೆ. ನಾಲ್ಕೈದು ವರ್ಷದಲ್ಲಿ ಅಂಚಿಗುಂಟ ಉದ್ದಕ್ಕೆ ಸೀಳು ಬಿಡ್ತದೆ, ಎಡಬದಿ ಕೂರ್ತದೆ. ಕಾಗದದಲ್ಲಿ 2 ಪರ್ಸೆಂಟ್ ಇದ್ದ ಇಳಿಜಾರು ಅಲ್ಲಲ್ಲಿ ಅದರ ಎರಡರಷ್ಟಾಗಿರತ್ತೆ.

ರೈಲು ಕಲಬುರ್ಗಿಗೆ 1870ರ ದಶಕದ ಹೊತ್ತಿಗೇ ಬಂದಿತ್ತು. ಆದ್ರೆ ಅಲ್ಲಿಂದ ಆಳಂದ, ಜೇವರ್ಗಿ, ಅಫಜಲಪುರಕ್ಕೆ ಹೋಗಬೇಕಾದ್ರೆ ಸಡಕೇ ಗತಿ. ಆಗ ಇದು ನಿಜಾಮರ ರಾಜ್ಯ. 1932ರ ಜೂನ್‌ನಲ್ಲಿ ನಿಜಾಮರ ರೈಲ್ವೆಯವರೇ ರಸ್ತೆ ಸಾರಿಗೆಯ ಒಂದು ವಿಭಾಗ ಶುರು ಮಾಡಿದ್ರು: 27 ಬಸ್ಸು, 166 ನೌಕರರು. ಸ್ಕಾಟ್‌ಲೆಂಡಿನ ಆಲ್ಬಿಯನ್ ಬಸ್ಸುಗಳು. ಆ ಕಾಲದ ಡ್ರೈವರಿಗೆ ಪವರ್ ಸ್ಟೀರಿಂಗ್ ಇಲ್ಲ. ರಸ್ತೆ ಎಡಕ್ಕೆ ಜಗ್ಗಿದಷ್ಟನ್ನೂ ಅವನು ರಟ್ಟೆಯಿಂದಲೇ ಬಲಕ್ಕೆ ಹಿಡೀಬೇಕು. ಹಳೇ ಡ್ರೈವರುಗಳ ಬಲಗಡೆ ಭುಜ ನೋಯ್ತದೆ ಅನ್ನೋ ಮಾತು ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಈಗಲೂ ಇದೆ.

ಹೋದ ವರ್ಷ ನನ್ನ ಕಾಕಾನ ಮಗ ಫೋನ್ ಮಾಡಿದ. "ಅಣ್ಣ, ಗಾಡಿ ಎಡಕ್ಕ ಎಳೀಲತ್ತದ. ಮೂರು ಸಲ ಅಲೈನ್‌ಮೆಂಟ್ ಮಾಡ್ಸೀನಿ, ಏನೂ ಫರಕ್ ಇಲ್ಲ. ಈಗ ರ‍್ಯಾಕೇ ಬದಲಿಸ್ಬೇಕು ಅನ್ಲತ್ತಾರ."

ಅವನು ಸಾಲ ಮಾಡಿ ಕಾರು ತಗೊಂಡು ಬಾಡಿಗೆಗೆ ಓಡಿಸ್ತಾನೆ. ವಾರಕ್ಕೆ ಎರಡು ಸಲ ಒಬ್ಬ ಹಿರಿಯರನ್ನ ಜೇವರ್ಗಿಯಿಂದ ಕಲಬುರ್ಗಿಗೆ ಡಯಾಲಿಸಿಸ್‌ಗೆ ಕರ್ಕೊಂಡು ಹೋಗೋದು ಅವನ ಖಾಯಂ ಟ್ರಿಪ್ಪು. ಕಾರು ನಾಲ್ಕು ದಿನ ಶೆಡ್ಡಿನಲ್ಲಿ ನಿಂತ್ರೆ ಕಂತೂ ತಪ್ಪತ್ತೆ, ಅವರ ಡಯಾಲಿಸಿಸ್ಸಿಗೂ ತೊಂದರೆ. ಹಾಗಂತ ಎಳೆಯೋ ಕಾರನ್ನ ಓಡಿಸೋದೂ ಹುಡುಗಾಟ ಅಲ್ಲ. ಆ ದಾರಿಯಲ್ಲಿ ಕಟ್ಟಿಸಂಗಾವಿ ಹತ್ರ ಭೀಮಾ ನದಿಯ ಉದ್ದ ಸೇತುವೆ ಇದೆ. ಎದುರಿಗೆ ಲಾರಿ, ಎಡಕ್ಕೆ ಕಟಾಂಜನ.

"ರ‍್ಯಾಕ್ ಇರ್ಲಿ ಬಿಡೋ. ಯಾವ ಸಡಕಿನ ಮ್ಯಾಲ ಎಳೀತದ ಅದನ್ನ ಮೊದಲು ಹೇಳು" ಅಂದೆ.

"ಎಲ್ಲಾ ಕಡಿನೂ ಎಳೀತದಣ್ಣ."

ಎಲ್ಲಾ ಕಡೆ ಅನ್ನೋ ಬಗ್ ರಿಪೋರ್ಟನ್ನ ಯಾವ ಇಂಜಿನಿಯರೂ ನಂಬಬಾರದು. ನಮ್ಮ ಮೂರು ಸಡಕು ಮೂರು ಬೇರೆ ಪ್ರಯೋಗಶಾಲೆ. ಕಲಬುರ್ಗಿಯಿಂದ ಆಳಂದ ವಾಯವ್ಯಕ್ಕಿದೆ. ಜೂನ್ ಜುಲೈನಲ್ಲಿ ನೈಋತ್ಯದ ಗಾಳಿ ಮರ ಇಲ್ಲದ ಬಯಲಿನಲ್ಲಿ ಸರಿಯಾಗಿ ಅಡ್ಡಲಾಗಿ ಹೊಡೀತದೆ: ಹೋಗುವಾಗ ಕಾರನ್ನ ಬಲಕ್ಕೆ, ಬರುವಾಗ ಎಡಕ್ಕೆ ದಬ್ಬುತ್ತೆ. ಹೋಗುವಾಗ ಒಂದು, ಬರುವಾಗ ಇನ್ನೊಂದು ಅಂದ್ರೆ ಕಾರಿಗೆ ಏನೂ ಆಗಿಲ್ಲ. ಅಫಜಲಪುರದ ಕಡೆ ಕಬ್ಬಿನ ಸೀಸನ್ನಿನಲ್ಲಿ ಎರಡೆರಡು ಟ್ರೈಲರ್ ಕಟ್ಟಿದ ಟ್ರ್ಯಾಕ್ಟರುಗಳು ಓಡಿ ಓಡಿ ಡಾಂಬರಿನಲ್ಲೇ ಜಾಡು ಬಿದ್ದಿರತ್ತೆ. ಹಿಂದೆ ಬಂಡಿ ಜಾಡಿಗೆ ಬಿದ್ದ ಗಾಲಿ ಹೊರಗೆ ಬರೋದು ಕಷ್ಟ ಇತ್ತಲ್ಲ, ಅದೇ. ಅಲ್ಲಿ ಕಾರು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಡಕಾಡತ್ತೆ. ಜೇವರ್ಗಿ ದಾರಿ, ಈಗಿನ ರಾಷ್ಟ್ರೀಯ ಹೆದ್ದಾರಿ 50, ಅದರ ಮೇಲೆ ಹೋಗುವಾಗಲೂ ಎಡ, ಬರುವಾಗಲೂ ಎಡ. ಆದ್ರೆ ಇದರಿಂದ ಏನೂ ಸಾಬೀತಾಗಲ್ಲ, ಯಾಕಂದ್ರೆ ಆಮೆ ಬೆನ್ನಿನ ಎರಡೂ ಬದಿಯಲ್ಲಿ ನಮ್ಮ ಎಡಕ್ಕೇ ಇಳಿಜಾರು. ಅದಕ್ಕೇ ಗಾಳಿ ಇಲ್ಲದ ಮುಂಜಾನೆ, ಸಪಾಟಾದ ಖಾಲಿ ಜಾಗದಲ್ಲಿ ನಿಧಾನಕ್ಕೆ ನೋಡು ಅಂತ ಹೇಳಿದೆ. ಅಲ್ಲೂ ಎಡಕ್ಕೆ ಬಂತು. ಅಂದ್ರೆ ದೋಷ ಕಾರಿನದೇ.

ಇಲ್ಲಿ ಟೈರಿನ ಪದರಕ್ಕೆ ಬರಬೇಕು. ಗಾಳಿ ತುಂಬಿದ ಟೈರನ್ನ ರಾಬರ್ಟ್ ಥಾಮ್ಸನ್ 1845ರಲ್ಲೇ ಮಾಡಿದ್ದ. ಡನ್ಲಪ್ 1888ರಲ್ಲಿ ಮತ್ತೆ ಕಂಡುಹಿಡಿದಾಗಲೇ ಅದು ಓಡಿದ್ದು. ಗಾಳಿಯ ಜೊತೆಗೇ ಹೊಸ ಕಾಯಿಲೆಯೂ ಬಂತು: ಒಂದು ಕಡೆ ಗಾಳಿ ಕಡಿಮೆಯಾದ್ರೆ ಆ ಟೈರು ಹೆಚ್ಚು ಮಡಚಿ, ಹೆಚ್ಚು ತಡೆದು, ಕಾರನ್ನ ತನ್ನ ಕಡೆಗೆ ಎಳ್ಕೊಳ್ಳುತ್ತೆ. ಮರದ ಗಾಲಿಗೆ ಈ ರೋಗ ಇರಲಿಲ್ಲ. ಆಮೇಲೆ 1946ರಲ್ಲಿ ಮಿಶೆಲಿನ್ ರೇಡಿಯಲ್ ಟೈರಿಗೆ ಪೇಟೆಂಟು ತಗೊಂಡಿತು. ದಾರಗಳು ಅಡ್ಡಡ್ಡ ಹೆಣೆದ ಹಳೇ ಟೈರಿನ ಬದಲು, ನೇರ ದಾರಗಳು, ಅದರ ಮೇಲೆ ಉಕ್ಕಿನ ಪಟ್ಟಿ. ಬಾಳಿಕೆ ಜಾಸ್ತಿ, ಹಿಡಿತ ಜಾಸ್ತಿ. ಆದ್ರೆ ಕಾರ್ಖಾನೆಯಲ್ಲಿ ಆ ಉಕ್ಕಿನ ಪಟ್ಟಿ ನಡುವಿನಿಂದ ಕೂದಲೆಳೆ ಆಚೆ ಕೂತರೂ ಟೈರಿನ ಒಂದು ಅಂಚು ಬಿಗಿ, ಇನ್ನೊಂದು ಸಡಿಲ. ಓಡುವಾಗ ಅದು ಶಂಖದ ಹಾಗೆ ವರ್ತಿಸತ್ತೆ. ಚಹಾದ ಪೇಪರ್ ಲೋಟವನ್ನ ಮೇಜಿನ ಮೇಲೆ ಉರುಳಿಸಿ ನೋಡಿ, ನೇರ ಹೋಗಲ್ಲ, ಸಣ್ಣ ಬಾಯಿಯ ಕಡೆಗೆ ತಿರುಗಿ ಹೋಗತ್ತೆ. ಕಣ್ಣಿಗೆ ಕಾಣಲ್ಲ, ಗಾಳಿ ಮೀಟರಿಗೆ ಕಾಣಲ್ಲ, ಅಲೈನ್‌ಮೆಂಟ್ ಯಂತ್ರಕ್ಕಂತೂ ಕಾಣೋದೇ ಇಲ್ಲ, ಯಾಕಂದ್ರೆ ಅದು ನಿಂತ ಗಾಲಿಯ ಕೋನ ಅಳೆಯೋ ಯಂತ್ರ.

ಇದನ್ನ ಹಿಡಿಯೋ ಪರೀಕ್ಷೆಗೆ ಯಂತ್ರ ಬೇಡ. ಮುಂದಿನ ಎಡ ಬಲ ಟೈರುಗಳನ್ನ ಅದಲು ಬದಲು ಮಾಡಿ. ಪಂಕ್ಚರ್ ಅಂಗಡಿಯಲ್ಲಿ ಅರ್ಧ ಗಂಟೆ ಕೆಲಸ. (ಟೈರಿನ ಮೇಲೆ ತಿರುಗೋ ದಿಕ್ಕಿನ ಬಾಣದ ಗುರುತಿದ್ರೆ ಮಾತ್ರ ಹಾಗೇ ಅದಲು ಬದಲು ಮಾಡಬಾರದು.) ಆಮೇಲೆ ಎಡಕ್ಕೆ ಎಳೀತಿದ್ದ ಕಾರು ಬಲಕ್ಕೆ ಎಳೆದ್ರೆ ಕಳ್ಳ ಟೈರೇ. ಇನ್ನೂ ಎಡಕ್ಕೇ ಎಳೆದ್ರೆ ಟೈರು ನಿರ್ದೋಷಿ, ಮುಂದಕ್ಕೆ ಹೋಗಿ. ಒಂದೇ ಒಂದು ವೇರಿಯಬಲ್ ಬದಲಿಸಿ ಔಟ್‌ಪುಟ್ ನೋಡೋದು. ನಾವು ದಿನಾ ಮಾಡೋ ಕೆಲಸ.

"ಅಣ್ಣ, ಈಗ ಬಲಕ್ಕ ಹೊಂಟದ ನೋಡು!" ಅಂತ ಅವನು ಮಧ್ಯಾಹ್ನ ಫೋನ್ ಮಾಡಿದಾಗ ಅವನ ದನಿಯಲ್ಲಿ ಗೆದ್ದ ಖುಷಿ. ಆ ಟೈರನ್ನ ಹಿಂದಕ್ಕೆ ಹಾಕಿಸಿದ. ರ‍್ಯಾಕ್ ಹಾಗೇ ಇದೆ.

ಹಾಗಾದ್ರೆ ಮೂರು ಸಲ ಅಲೈನ್‌ಮೆಂಟಿಗೆ ಕೊಟ್ಟ ದುಡ್ಡು? ಇದರಲ್ಲಿ ಪೂರ್ತಿ ಮೋಸ ಇದೆ ಅಂತ ನಾನು ಹೇಳಲ್ಲ, ಆದ್ರೆ ಒಂದು ಐತಿಹಾಸಿಕ ಗೊಂದಲ ಇದೆ. ಕ್ಯಾಂಬರ್ ಅಂದ್ರೆ ಗಾಲಿ ಮೇಲ್ಭಾಗದಲ್ಲಿ ಹೊರಕ್ಕೋ ಒಳಕ್ಕೋ ವಾಲೋದು. ಮೊದಮೊದಲ ಕಾರುಗಳಲ್ಲಿ ಹೊರಕ್ಕೆ ವಾಲಿಸ್ತಿದ್ದದ್ದಕ್ಕೆ ಆಗಿನ ಗೂನು ಬೆನ್ನಿನ ರಸ್ತೆಯೂ ಒಂದು ಕಾರಣ. ಯಾವ ಕಡೆ ಗಾಲಿ ಹೆಚ್ಚು ಹೊರಕ್ಕೆ ವಾಲಿದೆಯೋ ಕಾರು ಆ ಕಡೆ ಎಳೆಯತ್ತೆ. ಟೋ ಅಂದ್ರೆ ಎರಡು ಗಾಲಿಗಳ ಮುಂತುದಿ ಒಳಕ್ಕೋ ಹೊರಕ್ಕೋ ನೋಡೋದು. ಹಳೇ ಗಾಡಿಗಳಲ್ಲಿ ಇವನ್ನೆಲ್ಲ ಬಿಲ್ಲೆ ಹಾಕಿ, ನಟ್ಟು ತಿರುಗಿಸಿ ಸರಿಪಡಿಸಬಹುದಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮುಂದಿನ ಗಾಲಿಗೆ ಎಂಜಿನ್ ಶಕ್ತಿ, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್. ಹಗುರ, ಅಗ್ಗ, ನಮ್ಮ ಮಧ್ಯಮ ವರ್ಗವನ್ನ ರಸ್ತೆಗೆ ತಂದದ್ದೇ ಅದು. ಆ ಮಾದರಿಯ ಬಹುತೇಕ ಸಣ್ಣ ಕಾರುಗಳಲ್ಲಿ ಕ್ಯಾಂಬರ್, ಕ್ಯಾಸ್ಟರ್ ಕಾರ್ಖಾನೆಯಲ್ಲೇ ಗಟ್ಟಿ, ಅಂಗಡಿಯವನು ತಿರುಗಿಸಬಹುದಾದದ್ದು ಮುಂದಿನ ಟೋ ಒಂದೇ. ಆದ್ರೆ ಟೋ ತಪ್ಪಿದ್ರೆ ಸ್ಟೀರಿಂಗ್ ಸೊಟ್ಟ ನಿಲ್ಲತ್ತೆ, ಟೈರು ಸವೆಯತ್ತೆ. ಕಾರು ಒಂದೇ ಸಮನೆ ಒಂದು ಕಡೆ ಎಳೆಯೋದಕ್ಕೆ ಅದು ಕಾರಣ ಆಗೋದು ಅಪರೂಪ. ಎಳೆತಕ್ಕೆ ಕಾರಣವಾಗೋ ಎರಡು ಕೋನ ತಿರುಗಿಸಕ್ಕಾಗಲ್ಲ, ತಿರುಗಿಸಬಹುದಾದ ಕೋನ ಎಳೆತಕ್ಕೆ ಕಾರಣವಲ್ಲ. ಅವರ ಪ್ರಿಂಟ್‌ಔಟಿನಲ್ಲಿ ಹಸಿರು ಬಣ್ಣ ಬರತ್ತೆ, ಕಾರು ಎಡಕ್ಕೇ ಹೋಗತ್ತೆ. ಆ ಹಾಳೆಯನ್ನ ಬಿಸಾಡಬೇಡಿ, ಕ್ಯಾಸ್ಟರ್, ಕ್ಯಾಂಬರ್ ಸಾಲಿನಲ್ಲಿ ಎಡ ಬಲದ ವ್ಯತ್ಯಾಸ ಮಾತ್ರ ಓದಿ.

ಬ್ರೇಕಿನ ವಿಷಯ ಹೇಳದೆ ಮುಂದೆ ಹೋಗಬಾರದು, ಇರೋದ್ರಲ್ಲಿ ಅಪಾಯ ಅದರದ್ದೇ ಜಾಸ್ತಿ. ಬ್ರೇಕ್ ಒತ್ತಿದಾಗ ಮಾತ್ರ ಎಳೆದ್ರೆ, ಎಳೆದ ಕಡೆಯ ಬ್ರೇಕು ಕೆಲಸ ಮಾಡ್ತಿದೆ, ಇನ್ನೊಂದು ಕಡೆಯದು ಸೋಮಾರಿ ಆಗಿದೆ ಅಂತ ಅರ್ಥ. ಒತ್ತದೇನೇ ಎಳೀತಾ ಇದ್ದು, ಇಪ್ಪತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದಾಗ ಒಂದು ಗಾಲಿಯ ಹತ್ರ ಮಾತ್ರ ಕೈ ಹಿಡಿಯಕ್ಕಾಗದಷ್ಟು ಝಳ, ಸುಟ್ಟ ವಾಸನೆ ಇದ್ರೆ ಆ ಬ್ರೇಕು ಹಿಡಿದು ಕೂತಿದೆ. ಗಾಲಿ ಮುಟ್ಟಬೇಡಿ, ಹತ್ರ ಅಂಗೈ ಹಿಡಿದ್ರೆ ಸಾಕು. ಅಂಥ ಕಾರಲ್ಲಿ ಊರಿಗೆ ಹೋಗೋ ಯೋಚನೆ ಬಿಟ್ಟು ಅಲ್ಲೇ ಮಿಸ್ತ್ರಿಯನ್ನ ಕರೆಸಬೇಕು. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಎಳೆದ್ರೆ ಅದು ಮುಂದಿನ ಗಾಲಿಗೆ ಶಕ್ತಿ ಕೊಡೋ ಕಾರುಗಳ ಹುಟ್ಟುಗುಣ ಇರಬಹುದು. ಎರಡು ಡ್ರೈವ್‌ಶಾಫ್ಟು ಒಂದೇ ಉದ್ದ ಇಲ್ಲದಿದ್ರೆ ಹಾಗಾಗತ್ತೆ.

ಕೊನೇ ಪದರ ನಮ್ಮ ಕಸುಬಿನದು, ಸಾಫ್ಟ್‌ವೇರ್. ಸ್ಟೀರಿಂಗಿಗೆ ಎಲೆಕ್ಟ್ರಿಕ್ ಮೋಟಾರು ಬಂದ ಮೇಲೆ, 2010ರ ಆಸುಪಾಸಿನಲ್ಲಿ, ಫೋರ್ಡ್ ಕಂಪನಿ ಒಂದು ಸೌಲಭ್ಯ ತಂತು: ರಸ್ತೆಯ ಇಳಿಜಾರಿಗೋ ಅಡ್ಡಗಾಳಿಗೋ ಕಾರು ಒಂದು ಕಡೆ ಎಳೀತಿದ್ರೆ ಸೆನ್ಸರ್ ಅದನ್ನ ಗುರುತಿಸಿ, ಮೋಟಾರು ಆ ಕಡೆಯಿಂದ ಅಷ್ಟೇ ಬಲ ಹಾಕಿ ಸರಿದೂಗಿಸತ್ತೆ. ಇಂಥ ವ್ಯವಸ್ಥೆ ಈಗ ಬೇರೆ ಕಂಪನಿಗಳ ಕಾರುಗಳಲ್ಲೂ ಇದೆ. ಆಲ್ಬಿಯನ್ ಡ್ರೈವರಿನ ಭುಜ ಮಾಡ್ತಿದ್ದ ಕೆಲಸವನ್ನ ಈಗ ನಾಲ್ಕು ಸಾಲು ಕೋಡ್ ಮಾಡತ್ತೆ. ಆರಾಮ ಹೌದು. ಆದ್ರೆ ಎಕ್ಸೆಪ್ಶನ್ ಹಿಡಿದು ಲಾಗೂ ಬರೆಯದೆ ನುಂಗಿಬಿಡೋ ಕೋಡ್ ನೋಡಿದಾಗ ನನಗಾಗೋ ಕಿರಿಕಿರಿಯೇ ಇಲ್ಲೂ ಆಗತ್ತೆ. ಕೋನ ತಪ್ಪಿರತ್ತೆ, ಟೈರು ಸವೀತಿರತ್ತೆ, ಕೈಗೆ ಮಾತ್ರ ಏನೂ ಗೊತ್ತಾಗಲ್ಲ.

ಹಾಗಾಗಿ ಹೊಸ ಕಾರಿನವರು ಆಗಾಗ ಒಂದು ಕೆಲಸ ಮಾಡಬಹುದು. ಕಾರು ತಣ್ಣಗಿರುವಾಗ ಮುಂದಿನ ಟೈರಿನ ಹಲ್ಲುಗಳ ಮೇಲೆ ಅಡ್ಡಡ್ಡ ಅಂಗೈ ಸವರಿ. ಒಳಗಿಂದ ಹೊರಕ್ಕೆ ಒಂದು ಸಲ, ಹೊರಗಿಂದ ಒಳಕ್ಕೆ ಒಂದು ಸಲ. ಒಂದು ದಿಕ್ಕಿಗೆ ನುಣ್ಣಗೆ, ಇನ್ನೊಂದು ದಿಕ್ಕಿಗೆ ಗರಗಸದ ಹಾಗೆ ಚುಚ್ಚಿದ್ರೆ ಟೋ ತಪ್ಪಿದೆ. ಆಗ ಹೋಗಿ, ಅಲೈನ್‌ಮೆಂಟ್ ಮಾಡಿಸಿ.